ಎಲ್ಲರೂ ಒಂದೇ ವಿಳಾಸದಿಂದ

ನಮ್ಮ ಸಂಸ್ಥೆಯ ಜಾಲತಾಣದ ವಿಳಾಸಕ್ಕೆ ಒಂದು ಬಾಲವಿತ್ತು: ಎಂಟು, ಸೊನ್ನೆ, ಎಂಟು, ಸೊನ್ನೆ. ಆ ನಾಲ್ಕು ಅಂಕಿ ಹೊಡೆಯದಿದ್ದರೆ ಏನೂ ತೆರೆಯುತ್ತಿರಲಿಲ್ಲ. ಬಸವಕಲ್ಯಾಣದ ಕಾಲೇಜಿನ ಗೋಡೆಯ ಮೇಲೆ ಪೇಂಟಿನಲ್ಲಿ, ಹುಮನಾಬಾದ್ ಶಾಖೆಯ ನೋಟಿಸ್ ಬೋರ್ಡಿನಲ್ಲಿ ಸುಣ್ಣದ ಕಡ್ಡಿಯಲ್ಲಿ ಅವನ್ನು ದಪ್ಪಗೆ ಬರೆಸಿದ್ದೆವು. ಒಬ್ಬ ಪಾಲಕರು ಅದನ್ನು ಫೋನ್ ನಂಬರಿನ ತುಣುಕೆಂದು ತಿಳಿದು, ಉಳಿದ ಆರು ಅಂಕಿ ಯಾವುವು ಎಂದು ನನ್ನನ್ನೇ ಕೇಳಿದ್ದುಂಟು. ನನಗೆ ಆ ಬಾಲದ ಬಗ್ಗೆ ದೂರಿರಲಿಲ್ಲ. ಇರುವುದು ಹೇಗೋ ನಡೆಯುತ್ತಿದ್ದರೆ ಅದನ್ನು ಮುಟ್ಟಬಾರದು ಎಂಬುದು ನನ್ನ ಜೀವನದ ಏಕೈಕ ಸಿದ್ಧಾಂತ.

ನಾನು ಈ ಸಂಸ್ಥೆಗೆ ಸೇರಿದ್ದು ಟೈಪಿಂಗ್ ಕಲಿಸಲು. ಟೈಪ್‌ರೈಟರುಗಳು ಗುಜರಿಗೆ ಹೋದ ವರ್ಷ ನನ್ನನ್ನೂ ಅದೇ ಗಾಡಿಯಲ್ಲಿ ಹಾಕಿ ಕಳಿಸುತ್ತಾರೆಂದು ಹೆದರಿ ಕಂಪ್ಯೂಟರ್ ಕಲಿತೆ. ಹೆದರಿ ಕಲಿತ ವಿದ್ಯೆಯಿಂದ ಹೆದರಿಕೆಯ ವಾಸನೆ ಕೊನೆಯವರೆಗೂ ಹೋಗುವುದಿಲ್ಲ. ಈಗ ನಲವತ್ತೊಂಬತ್ತು ದಾಟಿದ ಮೇಲೂ ಸರ್ವರ್ ಇಟ್ಟ ಕೋಣೆಯ ಬಾಗಿಲು ತೆಗೆಯುವಾಗ, ಒಳಗೆ ಯಾರೋ ಕಾಯಿಲೆಯವರು ಮಲಗಿದ್ದಾರೆ ಎನ್ನುವಂತೆ ಮೆಲ್ಲಗೆ ತೆಗೆಯುತ್ತೇನೆ. ಆ ಸರ್ವರಿನಲ್ಲಿ ಜಾವಾದಲ್ಲಿ ಬರೆದ ಒಂದು ದೊಡ್ಡ ತಂತ್ರಾಂಶವಿದೆ. ಪ್ರವೇಶ, ಹಾಜರಿ, ಪರೀಕ್ಷೆಯ ಅರ್ಜಿ, ವರ್ಗಾವಣೆ ಪತ್ರ, ಎಲ್ಲವೂ ಅದರೊಳಗೆ. ಬರೆದುಕೊಟ್ಟ ಕಂಪನಿ ಮುಚ್ಚಿಹೋಗಿದೆ. ಉಳಿದವಳು ನಾನು.

ಹೀಗಿರಲು ಒಂದು ದಿನ ನಮ್ಮ ಕಾರ್ಯದರ್ಶಿಗಳು ತಮ್ಮ ಕೋಣೆಗೆ ಕರೆದರು.

"ಮೇಡಮ್, ನಮ್ಮ ವೆಬ್‌ಸೈಟಿನ ಮ್ಯಾಲ 'ಸುರಕ್ಷಿತ ಅಲ್ಲ' ಅಂತ ಬರಾಕತ್ತದ."

"ಮೊದಲಿಂದಲೂ ಬರ್ತದರಿ ಸಾಹೇಬ್ರ."

"ಈಗ ನಮ್ಮ ಅಳಿಯ ನೋಡ್ಯಾನ."

ಅಲ್ಲಿಗೆ ಮಾತು ಮುಗಿಯಿತು. ಮುಂದಿನ ಸೋಮವಾರದೊಳಗೆ ಬಾಲ ಹೋಗಬೇಕು, ವಿಳಾಸದ ಪಕ್ಕ ಬೀಗದ ಚಿಹ್ನೆ ಬರಬೇಕು.

ಇದಕ್ಕೆ ಎಲ್ಲರೂ ಮಾಡುವ ಉಪಾಯವೊಂದಿದೆ. ಜಾವಾ ಸರ್ವರನ್ನು ಹಿಂದಕ್ಕೆ ಸರಿಸಿ, ಅದರ ಮುಂದೆ ಇನ್ನೊಂದು ವೆಬ್ ಸರ್ವರ್ ಕೂರಿಸುವುದು. ಮದುವೆಯ ಪಂಕ್ತಿಯನ್ನು ನೆನೆಸಿಕೊಂಡರೆ ಸಾಕು. ಹಿಂದೆ ಪರದೆಯ ಆಚೆ ಅಡುಗೆಯವನು, ಮುಂದೆ ಬಡಿಸುವವನು. ಉಣ್ಣುವವರು ಅಡುಗೆಯವನ ಹತ್ತಿರ ಹೋಗುವಂತಿಲ್ಲ. ಬೇಕಾದದ್ದನ್ನು ಬಡಿಸುವವನಿಗೆ ಹೇಳಬೇಕು, ಅವನು ಒಳಗೆ ಹೋಗಿ ತರಬೇಕು. ಮುಂದೆ ನಿಂತವನು ಮಡಿ ಪಂಚೆ ಉಟ್ಟು ಅಚ್ಚುಕಟ್ಟಾಗಿದ್ದರೆ ಬೀಗರಿಗೂ ಸಮಾಧಾನ. ಅಡುಗೆಯವನ ಬೆವರು ಯಾರಿಗೂ ಕಾಣುವುದಿಲ್ಲ.

ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕಾಲೇಜಿಗೆ ಹೋದೆ. ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ, ಏನೇನು ಕೆಡಬಹುದು ಎಂದು ಪಟ್ಟಿ ಮಾಡಿಕೊಂಡಿದ್ದೆ. ಇಪ್ಪತ್ತಾರು ಬಾಬತ್ತುಗಳಾಗಿದ್ದವು. ಇಪ್ಪತ್ತೈದನೆಯದು ಇಲಿ ವೈರು ಕಡಿಯುವುದು, ಇಪ್ಪತ್ತಾರನೆಯದು ನನಗೆ ತಲೆ ತಿರುಗಿ ಬೀಳುವುದು. ಮುಂದಿನ ಸರ್ವರನ್ನು ಹಾಕಿದೆ. ಅದು ಮೊದಲ ಸಲ 'ಸೇವೆ ಲಭ್ಯವಿಲ್ಲ' ಎಂದಿತು, ನೋಡಿದರೆ ಹಿಂದಿನದನ್ನು ಚಾಲೂ ಮಾಡಲು ನಾನೇ ಮರೆತಿದ್ದೆ. ಆಮೇಲೆ ಬಾಗಿಲು ತೆರೆಯಿತು. ಆದರೆ ಪಾಸ್‌ವರ್ಡ್ ಹಾಕಿ ಒಳಗೆ ಹೋದೊಡನೆ ಆ ಹಾಳು ಎಂಟು-ಸೊನ್ನೆ-ಎಂಟು-ಸೊನ್ನೆ ವಿಳಾಸಕ್ಕೆ ಮತ್ತೆ ಬಂದು ಅಂಟಿಕೊಂಡಿತು. ಅದು ನನ್ನ ಪಟ್ಟಿಯಲ್ಲಿ ಒಂಬತ್ತನೆಯದಾಗಿತ್ತು. ಅದಕ್ಕೆ ಒಂದು ಸಾಲು ಬರೆದೆ, ಹೋಯಿತು. ಮಧ್ಯಾಹ್ನ ಮೂರಕ್ಕೆ ಬೀಗದ ಚಿಹ್ನೆಯೂ ಬಂತು. ಎಲ್ಲ ಬಾಬತ್ತುಗಳ ಮುಂದೆ ಒಂದೊಂದು ಗೆರೆ ಎಳೆದು, ತಣ್ಣಗಾದ ರೊಟ್ಟಿ ತಿಂದು ಮನೆಗೆ ಹೋದೆ. ಎಷ್ಟೋ ತಿಂಗಳ ಮೇಲೆ ಅಂದು ರಾತ್ರಿ ಚಿಂತೆಯಿಲ್ಲದೆ ಮಲಗಿದೆ. ಅದನ್ನೇ ನಾನು ಅಪಶಕುನ ಎಂದು ತಿಳಿಯಬೇಕಿತ್ತು.

ಇನ್ನು ಹುಮನಾಬಾದಿನ ಕಾಕಾನ ವಿಷಯ ಹೇಳಬೇಕು.

ಹುಮನಾಬಾದ್ ಶಾಖೆಯ ಗುಮಾಸ್ತರನ್ನು ಎಲ್ಲರೂ ಕಾಕಾ ಎಂದೇ ಕರೆಯುವುದು. ಅವರು ಮೊದಲು ದಾಖಲೆ ಕೋಣೆಯ ಕೀಲಿಕೈ ಗೊಂಚಲು ಇಟ್ಟುಕೊಂಡವರು. ಯಾವ ಕೀಲಿಕೈ ಯಾವ ಕಪಾಟಿನದು ಎಂದು ಚೀಟಿ ಅಂಟಿಸಿದವರಲ್ಲ. ಮೊದಲನೆಯದರಿಂದ ಶುರುಮಾಡಿ ಒಂದೊಂದನ್ನೇ ತಿರುಗಿಸುತ್ತ ಹೋಗುತ್ತಿದ್ದರು. ಕಂಪ್ಯೂಟರ್ ಬಂದಾಗಲೂ ಅದೇ ಪದ್ಧತಿ. ನಮ್ಮ ತಂತ್ರಾಂಶ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲು ಒತ್ತಾಯ ಮಾಡುತ್ತದೆ. ಕಾಕಾ ಬದಲಿಸುತ್ತಾರೆ, ಆದರೆ ಹಳೆಯದನ್ನು ಬಿಡುವುದಿಲ್ಲ. ಏಳೆಂಟ್ಲಿ ಎಷ್ಟು ಎಂದರೆ ಏಳೊಂದ್ಲಿ ಏಳರಿಂದ ಮಗ್ಗಿ ಹೇಳಿಕೊಂಡು ಬರುವ ಮಕ್ಕಳಂತೆ, ಮೊದಲ ಪಾಸ್‌ವರ್ಡಿನಿಂದ ಸಾಲಾಗಿ ಹೊಡೆದುಕೊಂಡು ಬಂದರೆ ಮಾತ್ರ ಕೊನೆಯದು ಅವರಿಗೆ ನೆನಪಾಗುವುದು. ಈಗ ಅವರದು ಒಂಬತ್ತನೆಯದು ನಡೆಯುತ್ತಿತ್ತು.

ಬರೆದಿಟ್ಟುಕೊಳ್ಳಿ ಎಂದು ನಾನು ಒಮ್ಮೆ ಹೇಳಿದ್ದೆ.

"ಗೊಂಚಲದಾಗಿಂದ ಒಂದನ್ನೇ ಬಿಡಿಸಿ ಇಟ್ರ ಅದೇ ಮೊದಲ ಕಳೀತದ, ಮೇಡಮ್," ಎಂದಿದ್ದರು.

ಐದು ಸಲ ತಪ್ಪು ಪಾಸ್‌ವರ್ಡ್ ಬಂದರೆ, ಅದು ಯಾವ ವಿಳಾಸದಿಂದ, ಅಂದರೆ ಯಾವ ಇಂಟರ್ನೆಟ್ ಲೈನಿನಿಂದ, ಬಂತೋ ಆ ವಿಳಾಸಕ್ಕೇ ತಂತ್ರಾಂಶ ಹದಿನೈದು ನಿಮಿಷ ಬಾಗಿಲು ಹಾಕುತ್ತದೆ. ಹುಮನಾಬಾದ್ ಕಚೇರಿಗೆ ಇರುವುದು ಒಂದೇ ಇಂಟರ್ನೆಟ್ ಲೈನು. ಹಾಗಾಗಿ ಪ್ರತಿದಿನ ಹತ್ತು ಗಂಟೆ ಐದು ನಿಮಿಷಕ್ಕೆ ಕಾಕಾನ ಐದನೆಯ ಪಾಸ್‌ವರ್ಡ್ ಆದೊಡನೆ ಅಲ್ಲಿನ ಮೂರೂ ಕಂಪ್ಯೂಟರು ಒಟ್ಟಿಗೆ ಬಂದ್. "ಕೀಲಿ ಬಿತ್ತು, ಏಳ್ರಿ" ಎನ್ನುತ್ತ ಎಲ್ಲರೂ ಮಾಣಿಕನಗರದ ಆಟೊ ನಿಲ್ಲುವ ಕಡೆಯ ಹೋಟೆಲಿಗೆ ಚಹಾಕ್ಕೆ ಹೋಗುತ್ತಾರೆ. ಬಂದು ಕುಳಿತ ಮೇಲೆ ಕಾಕಾ ಆರನೆಯದರಿಂದ ಮುಂದುವರಿಸುತ್ತಾರೆ, ಒಂಬತ್ತಕ್ಕೆ ತೆರೆಯುತ್ತದೆ. ಹತ್ತೂವರೆಗೆ ಕೌಂಟರ್. ವಿದ್ಯಾರ್ಥಿಗಳಿಗೂ ಇದು ಗೊತ್ತು, ಅದಕ್ಕಿಂತ ಮೊದಲು ಯಾರೂ ಬರುವುದಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಇಪ್ಪತ್ತಾರರ ಪಟ್ಟಿಯಲ್ಲಿ ಅದು ಇರಲಿಲ್ಲ. ಇಲಿ ಇತ್ತು.

ಸೋಮವಾರ ಪರೀಕ್ಷೆಯ ಅರ್ಜಿ ತುಂಬಲು ಕೊನೆಯ ದಿನ. ಬಸವಕಲ್ಯಾಣದ ವರಾಂಡದಲ್ಲಿ ಸಾಲು ನಿಂತಿತ್ತು. ಬೀಗದ ಚಿಹ್ನೆ ನೋಡಲು ಕಾರ್ಯದರ್ಶಿಗಳೂ ಬಂದು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಹತ್ತು ಗಂಟೆ ಐದು ನಿಮಿಷಕ್ಕೆ ಎಲ್ಲವೂ ನಿಂತಿತು. ನಮ್ಮ ಕಚೇರಿಯ ಕಂಪ್ಯೂಟರುಗಳು, ಸಾಲಿನಲ್ಲಿದ್ದವರ ಮೊಬೈಲುಗಳು, ಮನೆಯಲ್ಲಿ ಕುಳಿತು ಅರ್ಜಿ ತುಂಬುತ್ತಿದ್ದವರವು, ಎಲ್ಲವುಗಳ ಮೇಲೂ ಒಂದೇ ಬರಹ: ತಪ್ಪು ಪ್ರಯತ್ನಗಳ ಮಿತಿ ಮೀರಿದೆ, ಹದಿನೈದು ನಿಮಿಷ ಬಿಟ್ಟು ಬನ್ನಿ.

ಸರ್ವರ್ ಬಂದ್ ಮಾಡಿ ಚಾಲೂ ಮಾಡಿದೆ. ತೆರೆಯಿತು. ಏಳು ನಿಮಿಷಕ್ಕೆ ಮತ್ತೆ ಬಿತ್ತು. ಮತ್ತೆ ಮಾಡಿದೆ, ಮತ್ತೆ ಬಿತ್ತು.

"ಬಾಲ ಇದ್ದಾಗ ಹಿಂಗ ಆಗ್ತಿದ್ದಿಲ್ಲ," ಎಂದು ಸಾಲಿನಲ್ಲಿದ್ದ ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. "ಇರೋದನ್ನ ಕಿತ್ತಿದ್ರ ಹಿಂಗೇ."

ಕೊನೆಗೆ ದಾಖಲೆ ತೆಗೆದು ನೋಡಿದೆ. ಯಾರು ಬಂದರು, ಯಾವ ವಿಳಾಸದಿಂದ ಬಂದರು ಎಂದು ಜಾವಾ ಸರ್ವರ್ ತನ್ನಷ್ಟಕ್ಕೆ ಬರೆದುಕೊಳ್ಳುತ್ತದೆ. ಬೆಳಗಿನಿಂದ ಬಂದ ಎಲ್ಲರ ಮುಂದೆಯೂ ಒಂದೇ ವಿಳಾಸವಿತ್ತು. ಅದು ನಮ್ಮ ಮುಂದಿನ ಸರ್ವರಿನ ವಿಳಾಸ. ನೋಡುತ್ತಲೇ ತಿಳಿಯಿತು. ಅಡುಗೆಯವನಿಗೆ ಈಗ ಕಾಣುವುದು ಬಡಿಸುವವನ ಮುಖ ಒಂದೇ. ಯಾರೋ ಒಬ್ಬರು ಐದು ಸಲ ತಪ್ಪು ಕೇಳಿದರೆ ಅವನ ಲೆಕ್ಕಕ್ಕೆ ಕೇಳಿದವನು ಬಡಿಸುವವನೇ, ಆದ್ದರಿಂದ ಅವನಿಗೆ ಪರದೆ ಬಂದ್. ಪಂಕ್ತಿಯೆಲ್ಲ ಉಪವಾಸ. ಉಣ್ಣುವವರು ಯಾರು ಎಂದು ಒಳಗೆ ತಿಳಿಸಬೇಕೆಂದು ಬಡಿಸುವವನಿಗೂ, ಆ ಮಾತು ನಂಬಬೇಕೆಂದು ಅಡುಗೆಯವನಿಗೂ ಹೇಳಲು ಎರಡು ಸಾಲು ಬರೆಯಬೇಕಿತ್ತು. ನಾನು ಬರೆದಿರಲಿಲ್ಲ.

ಕಾರ್ಯದರ್ಶಿಗಳು ನನ್ನ ಭುಜದ ಮೇಲಿನಿಂದ ಬಾಗಿ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟರು.

"ಇದು ಯಾರ ಹೆಸರು, ಸಾಲಾಗಿ ಐದೈದು ಸಲ?"

"ಹುಮನಾಬಾದ್ ಕಾಕಾಂದುರಿ, ಸಾಹೇಬ್ರ."

ಇಷ್ಟೇ ಹೇಳಿದೆ. ಹೇಳಿದ್ದು ಸುಳ್ಳಲ್ಲ. ಅದರ ಬೆನ್ನಿಗೇ ಇನ್ನೊಂದು ವಾಕ್ಯ ಬರಬೇಕಿತ್ತು. ಮೊದಲು ಸರಿಮಾಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಅವರು ವರಾಂಡಕ್ಕೆ ಹೋಗಿ ಫೋನಿನಲ್ಲಿ ಕಾಕಾನ ಮೇಲೆ ಹರಿಹಾಯುತ್ತಿದ್ದರು. ಆ ಎರಡು ಸಾಲು ಬರೆಯಲು ನನಗೆ ಬೇಕಾದದ್ದು ಹತ್ತು ನಿಮಿಷ. ಹನ್ನೊಂದಕ್ಕೆ ಎಲ್ಲ ಸರಿಯಾಯಿತು, ಸಂಜೆಯೊಳಗೆ ಎಲ್ಲರ ಅರ್ಜಿಯೂ ಹೋಯಿತು. ಯಾರಿಗೂ ನಷ್ಟವಾಗಲಿಲ್ಲ, ಕಾಕಾನ ಹೊರತು.

ಏಕೆಂದರೆ ಸಂಜೆ ನೋಟಿಸ್ ತಯಾರಾಯಿತು. 'ಉದ್ದೇಶಪೂರ್ವಕವಾಗಿ ವ್ಯವಸ್ಥೆಗೆ ಧಕ್ಕೆ ತಂದಿದ್ದೀರಿ, ಏಕೆ ನಿಮ್ಮ ಸೇವಾ ಪುಸ್ತಕದಲ್ಲಿ ಶೆರಾ ಬರೆಯಬಾರದು?' ಶೆರಾ ಎಂದರೆ ನಮ್ಮಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ಕಪ್ಪು ಮಾತು. ಕಾಕಾನಿಗೆ ನಿವೃತ್ತಿಗೆ ಉಳಿದದ್ದು ಎರಡು ತಿಂಗಳು. ಮೂವತ್ತನಾಲ್ಕು ವರ್ಷದಲ್ಲಿ ತಮ್ಮ ಪುಸ್ತಕಕ್ಕೆ ಒಂದು ಶೆರಾ ಬಿದ್ದಿಲ್ಲ ಎಂಬುದನ್ನು ಅವರು ಹೊಸದಾಗಿ ಪರಿಚಯವಾದವರಿಗೆ ಹೆಸರು ಹೇಳುವ ಮೊದಲೇ ಹೇಳುತ್ತಿದ್ದರು.

"ನಾಳಿ ನೀವ್ ಹುಮನಾಬಾದಿಗಿ ಹೋಗಾವರಿದ್ದೀರಲ್ಲ," ಎಂದರು ಕಾರ್ಯದರ್ಶಿಗಳು. "ಇದನ್ನ ಕೈಯಾಗ ಕೊಟ್ಟು ಸಹಿ ತಗೊಂಡ್ ಬರ್ರಿ."

"ಸಾಹೇಬ್ರ, ಅದು..."

"ಏನ್ರಿ?"

"ಏನಿಲ್ಲರಿ. ಒಯ್ತೀನಿ."

ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಆ ಲಕೋಟೆ ನನ್ನ ಚೀಲದಲ್ಲಿತ್ತು. ರಾಜೇಶ್ವರದಲ್ಲಿ ಹತ್ತಿದ ಒಬ್ಬ ಮುದುಕಿ ತನ್ನ ಬದನೆಕಾಯಿ ಬುಟ್ಟಿಯನ್ನು ಅರ್ಧ ನನ್ನ ತೊಡೆಯ ಮೇಲೆ ಇಟ್ಟಳು. ನಾನು ಚೀಲವನ್ನು ಎದೆಗೆ ಅವಚಿಕೊಂಡೆ.

"ಅದರಾಗ ಬಂಗಾರ ಅದ ಏನವ್ವಾ?"

"ಇಲ್ಲವ್ವಾ, ಹಾಳಿ ಅದ."

"ಹಾಳಿಗಿ ಇಷ್ಟ್ ಅಂಜ್ತೀ?" ಎಂದು ಬುಟ್ಟಿಯನ್ನು ಇನ್ನಷ್ಟು ಸರಿಸಿದಳು.

ಹುಮನಾಬಾದ್ ಬರುವವರೆಗೆ ಕಾಕಾನಿಗೆ ಏನು ಹೇಳಬೇಕೆಂದು ನಾಲ್ಕು ಬಗೆಯಲ್ಲಿ ಹೊಂದಿಸಿಕೊಂಡೆ. ನಾಲ್ಕರಲ್ಲೂ ತಪ್ಪು ಸರ್ವರಿನದೇ ಆಗುತ್ತಿತ್ತು.

ಕಚೇರಿಗೆ ಹೋದಾಗ ಹನ್ನೊಂದು. ಕಾಕಾ ತಮ್ಮ ಕಂಪ್ಯೂಟರಿಗೆ ಮನೆಯಿಂದ ತಂದ ಟವೆಲ್ಲು ಹೊದಿಸಿ, ಪಕ್ಕದ ಮೇಜಿನಲ್ಲಿ ಹಳೆಯ ರಿಜಿಸ್ಟರ್ ಹರವಿಕೊಂಡು ವಿದ್ಯಾರ್ಥಿಗಳ ಹೆಸರನ್ನು ಪೆನ್ನಿನಲ್ಲಿ ಬರೆಯುತ್ತಿದ್ದರು.

"ಬರ್ರಿ ಮೇಡಮ್. ನಿಮ್ಮ ಮಿಷನ್ ಮುಟ್ಟಿಲ್ಲ ನೋಡ್ರಿ."

ಎದುರು ಮೇಜಿನ ಗ್ರಂಥಪಾಲಕರು ತಲೆ ಎತ್ತಿದರು. "ಇವರು ಮುಟ್ಟಂಗಿಲ್ಲ, ಕೀಲಿ ಬೀಳಂಗಿಲ್ಲ. ಇವತ್ತ ಚಹಾಕ್ಕ ಏಳಾಕ ನಮಗೊಂದು ನೆವ ಇಲ್ಲದಂಗ ಆಗ್ಯದ, ಮೇಡಮ್."

"ಸುಮ್ನಿರೋ ಮಾರಾಯ," ಎಂದರು ಕಾಕಾ.

ಲಕೋಟೆ ಕೊಟ್ಟೆ. ಅವರು ಒಡೆಯದೆಯೇ ಸಹಿ ಮಾಡಿದರು. ಸಾಹೇಬರು ಫೋನಿನಲ್ಲೇ ಓದಿ ಹೇಳಿದ್ದರಂತೆ. ಸೋಮವಾರ ಏನಾಯಿತೆಂದು ಅವರೇ ವಿವರಿಸಿದರು. ಎಂದಿನಂತೆ ಐದು ಹೊಡೆದಿದ್ದಾರೆ, ಕೀಲಿ ಬಿದ್ದಿದೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಬಾಗಿಲು ಮತ್ತೆ ತೆರೆದಿದೆ. ನಾನು ಅಲ್ಲಿ ಸರ್ವರ್ ಚಾಲೂ ಮಾಡಿದ ಹೊತ್ತು ಅದು. ಚಹಾ ಇನ್ನೂ ಕುಡಿದಿಲ್ಲ, ಅಂದರೆ ಕೀಲಿ ಬಿದ್ದದ್ದು ಖರೇ ಇರಲಿಕ್ಕಿಲ್ಲ ಎಂದು ತಿಳಿದು ಮೊದಲನೆಯದರಿಂದ ಶುರುಮಾಡಿದ್ದಾರೆ. ಮೂರು ಸಲ ಹಾಗೆಯೇ.

"ನನ್ನ ಬೆರಳಿಗಿ ವಯಸ್ಸಾಗ್ಯದ ಮೇಡಮ್. ಎಷ್ಟ್ ಹುಡುಗರಿಗಿ ತ್ರಾಸ ಆತು," ಎಂದು ಕೈ ನೋಡಿಕೊಂಡರು. "ಉತ್ತರ ನೀವೇ ಟೈಪ್ ಮಾಡಿಕೊಡ್ರಿ. ನಿಮ್ಮ ಬರವಣಗಿ ಛಂದ ಅದ. ನನ್ನಿಂದ ತಪ್ಪಾಗ್ಯದ, ಮಾಫ್ ಮಾಡ್ರಿ ಅಂತ ಬರೀರಿ. ಆದ್ರ ಶೆರಾ ಬ್ಯಾಡ ಅಂತ ಕಾಲ್ ಹಿಡದಂಗ ಬರೀರಿ."

ಗ್ರಂಥಪಾಲಕರ ಕಂಪ್ಯೂಟರಿಗೆ ಕುಳಿತೆ. 'ಮಾನ್ಯರೇ' ಎಂದು ಹೊಡೆದೆ. 'ನನ್ನಿಂದ ತಪ್ಪಾಗಿದೆ' ಎಂದು ಹೊಡೆದೆ. ಕಾಗುಣಿತವೂ ಸರಿಯಿತ್ತು, ಸಂಗತಿಯೂ ಸರಿಯಿತ್ತು. ಕೆಳಗೆ ಬರಬೇಕಾದ ಹೆಸರು ಮಾತ್ರ ಕಾಕಾನದಲ್ಲ. ಟೈಪಿಂಗ್ ಕಲಿಸಿದವಳಿಗೆ ಬೆರಳು ನಿಲ್ಲುವುದು ಅಪರೂಪ. ನಿಂತವು.

"ಕಾಕಾ, ತಪ್ಪು ನಿಮ್ಮದಲ್ಲ," ಎಂದೆ.

ಹೊಂದಿಸಿಕೊಂಡಿದ್ದ ನಾಲ್ಕು ಬಗೆಯೂ ಮರೆತುಹೋಗಿದ್ದವು. ಪಂಕ್ತಿ, ಪರದೆ, ಬಡಿಸುವವನು, ಅಡುಗೆಯವನು ಎಂದು ಹೇಳಿದೆ. ಊರಿನ ಎಷ್ಟೋ ಮದುವೆಗಳಲ್ಲಿ ಬಕೆಟ್ಟು ಹಿಡಿದು ಬಡಿಸಿದವರು ಅವರು, ಅರ್ಧಕ್ಕೇ ತಿಳಿದುಕೊಂಡರು.

"ಅಂದ್ರ ನಿನ್ನೆ ನಾ ಕೇಳಿದ್ದು ಅಂತ ಒಳಗಿನವಗ ಗೊತ್ತಾಗಿಲ್ಲ."

"ಇಲ್ಲರಿ. ಎಲ್ಲಾ ಒಬ್ಬರೇ ಕೇಳಿದಂಗ ಕಂಡದ. ಯಾರು ಕೇಳ್ಯಾರ ಅಂತ ಹೇಳಾಕ ನಾ ಬರದಿಡಬೇಕಿತ್ತು, ಬರದಿಲ್ಲ. ನಿನ್ನೆ ಸಾಹೇಬ್ರ ಮುಂದ ಅದನ್ನೂ ಹೇಳಲಿಲ್ಲ."

ಕಾಕಾ ಪೆನ್ನಿಗೆ ಟೊಪ್ಪಿಗೆ ಹಾಕಿ ರಿಜಿಸ್ಟರ್ ಮುಚ್ಚಿದರು. ಬೈದಿದ್ದರೆ ಹಗುರಾಗುತ್ತಿತ್ತು.

"ಇರ್ಲಿ ಬಿಡವ್ವಾ," ಎಂದರು. ಅಷ್ಟು ವರ್ಷದಲ್ಲಿ ಮೇಡಮ್ ಬಿಟ್ಟು ಅವ್ವಾ ಎಂದದ್ದು ಅದೇ ಮೊದಲು. "ನನಗ ಉಳದದ್ದು ಎರಡ್ ತಿಂಗಳ. ನಿನಗ ಇನ್ನಾ ಹತ್ತ್ ವರ್ಷ ಅದ. ನನ್ನ ಹೆಸರಿಲೇ ಇರ್ಲಿ. ಹೋಗಾವರ ಮ್ಯಾಲ ಹಾಕಿದ್ರ ಯಾರಿಗೂ ನೋವಾಗಲ್ಲ."

ನಾನು ಆಗ ಕೂಡಲೇ ಬೇಡ ಎಂದೆ ಎಂದು ಬರೆಯಬೇಕೆಂದು ಆಸೆ. ಎನ್ನಲಿಲ್ಲ. ಹತ್ತು ವರ್ಷ ಎಂಬುದನ್ನು ಮನಸ್ಸಿನಲ್ಲಿ ತಿರುವಿ ಹಾಕಿದೆ. ಹೊಸ ಸಾಹೇಬರು ಬಂದರೆ ಮೊದಲು ತೆಗೆಯುವುದು ಶೆರಾ ಇದ್ದವರನ್ನೇ ಎಂದೂ ಯೋಚಿಸಿದೆ. ಆ ಟವೆಲ್ಲು ಹೊದ್ದ ಕಂಪ್ಯೂಟರನ್ನು ನೋಡುತ್ತ, ಹೂಂ ಎಂದುಬಿಟ್ಟರೆ ಸಂಜೆಯ ಬಸ್ಸಿನಲ್ಲಿ ನಿದ್ದೆ ಬರಬಹುದೇ ಎಂದು ಲೆಕ್ಕ ಹಾಕಿದೆ.

ಕಾಕಾ ಅಷ್ಟರಲ್ಲಿ ಕಪಾಟಿನಿಂದ ಒಂದು ಪುಸ್ತಕ ತಂದಿದ್ದರು. ಅವರ ಸೇವಾ ಪುಸ್ತಕ. ದಾಖಲೆ ಕೋಣೆ ಅವರ ಕೈಯಲ್ಲೇ ಇತ್ತಲ್ಲ, ಸೋಮವಾರ ಸಂಜೆಯೇ ತೆಗೆದು ಒರೆಸಿ ಇಟ್ಟಿದ್ದರಂತೆ. ಒಂದೊಂದೇ ಹಾಳೆ ತಿರುವಿದರು. ಅವರ ಗೊಂಚಲಿನ ಹಾಗೆಯೇ, ಮೊದಲನೆಯದರಿಂದ. ಶೆರಾದ ಅಂಕಣ ಪುಟದಿಂದ ಪುಟಕ್ಕೆ ಖಾಲಿ, ಅಂಚು ಹಳದಿಯಾಗಿತ್ತು. ಕೊನೆಯ ಪುಟದಲ್ಲಿ ಬೆರಳಿಟ್ಟರು.

"ಇಲ್ಲಿ ಬರ್ತದ," ಎಂದರು, ಸುಮ್ಮನೆ ತೋರಿಸುವವರಂತೆ. "ಸಣ್ಣ ಅಕ್ಷರದಾಗ ಬರೀರಿ ಅಂತ ಸಾಹೇಬ್ರಿಗಿ ಹೇಳ್ರಿ."

ನಾನು ಫೋನ್ ಹಚ್ಚಿದೆ. ಇನ್ನೊಂದು ನಿಮಿಷ ತಡೆದಿದ್ದರೆ ಹಚ್ಚುತ್ತಿರಲಿಲ್ಲ ಎಂದು ನನಗೆ ಗೊತ್ತು.

"ಸಾಹೇಬ್ರ, ನಿನ್ನೆ ಬಂದ್ ಆಗಿದ್ದು ನನ್ನ ತಪ್ಪಿನಿಂದ. ಕಾಕಾ ದಿನಾ ಹಂಗೇ ಮಾಡ್ತಾರ, ಅದರಿಂದ ಎಂದೂ ಏನೂ ಆಗಿದ್ದಿಲ್ಲ. ನಾ ಎರಡು ಸಾಲು ಬರೆಯೋದು ಮರತಿದ್ದೆ."

"ನಿನ್ನೇನೇ ಯಾಕ ಹೇಳಲಿಲ್ಲ?"

"ಅಂಜಿದೆ."

"ಹಾಂ. ಆ ನೋಟಿಸ್ ವಾಪಸ್ ತಗೊಂಡ್ ಬರ್ರಿ. ನಿಮ್ಮ ಹೆಸರಿಂದು ನಾಳಿ ಮಾಡೋಣ."

"ಟೈಪ್ ಯಾರ್ ಮಾಡ್ಬೇಕ್ರಿ?"

"ನೀವೇ ಅಲ್ಲೇನ್ರಿ ಮೇಡಮ್," ಎಂದು ಇಟ್ಟರು.

ಟೈಪ್ ಮಾಡಿದ್ದ ಪತ್ರದಲ್ಲಿ ಹೆಚ್ಚು ಬದಲಿಸುವುದಿರಲಿಲ್ಲ. ಕೆಳಗೆ ನನ್ನ ಹೆಸರು ಹಾಕಿ ಮುದ್ರಿಸಿದೆ. ಕಾಲು ಹಿಡಿಯುವ ಭಾಗವನ್ನು ಮಾತ್ರ ಬರೆಯಲಿಲ್ಲ, ಸುಸ್ತಾಗಿತ್ತು. ಆಮೇಲೆ ಕಾಕಾನ ಕಂಪ್ಯೂಟರಿನ ಮೇಲಿನ ಟವೆಲ್ಲು ತೆಗೆದು ಮಡಚಿಟ್ಟೆ.

"ಹೊಡೀರಿ ಕಾಕಾ. ಮೊದಲನೇದರಿಂದ. ಸರಿ ಆಗ್ಯದೋ ಇಲ್ಲೋ ನನಗೂ ನೋಡಬೇಕಾಗ್ಯದ."

"ಮತ್ತ ಎಲ್ಲಾ ಕಡಿ ಬಿದ್ರ?"

"ಬಿದ್ರ ಎರಡು ಶೆರಾ ಬರ್ತಾವ, ನನಗೇ."

ಅವರು ಒಂದು ಬೆರಳಿನಿಂದ ಹೊಡೆಯತೊಡಗಿದರು, ತುಟಿ ಮಗ್ಗಿ ಹೇಳುವಂತೆ ಅಲುಗುತ್ತಿತ್ತು. ಒಂದು, ಎರಡು, ಮೂರು. ನಾಲ್ಕು. ಐದು. ಕೋಣೆಯ ಮೂರೂ ಪರದೆಗಳ ಮೇಲೆ ಒಟ್ಟಿಗೆ ಆ ಬರಹ ಬಂತು. ಬಸವಕಲ್ಯಾಣಕ್ಕೆ ಫೋನ್ ಮಾಡಿ ಅಲ್ಲಿ ಹೇಗಿದೆ ಎಂದು ಕೇಳಿದೆ.

"ಇಲ್ಲೇನ್ ಆಗ್ಯದ್ರಿ? ಬರೋಬ್ಬರಿ ನಡದದ," ಎಂದರು ಅಲ್ಲಿನ ಗುಮಾಸ್ತರು.

ಗ್ರಂಥಪಾಲಕರು ಆಗಲೇ ಚಪ್ಪಲಿ ಮೆಟ್ಟಿದ್ದರು. "ಕೀಲಿ ಬಿತ್ತು, ಏಳ್ರಿ."

ಹೋಟೆಲಿನ ಬೆಂಚಿನ ಮೇಲೆ ಕಾಕಾ ನನ್ನ ಪಕ್ಕದಲ್ಲಿ ಕುಳಿತು, ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಊದಿದರು. ಆಟೊದವನೊಬ್ಬ ಮಾಣಿಕನಗರ, ಮಾಣಿಕನಗರ ಎಂದು ಕೂಗುತ್ತಿದ್ದ.

"ನಿಮ್ಮ ಪುಸ್ತಕದಾಗ ಇದಕ್ಕ ಮೊದಲ ಶೆರಾ ಇತ್ತೇನ್ರಿ, ಮೇಡಮ್?" ಎಂದು ಕೇಳಿದರು. ಮತ್ತೆ ಮೇಡಮ್ ಆಗಿದ್ದೆ.

"ಇಲ್ಲರಿ."

"ಮೊದಲನೇದು ಅಷ್ಟೇ ತ್ರಾಸ."

"ನಿಮಗ ಹ್ಯಾಂಗ ಗೊತ್ತು ಕಾಕಾ?"

"ನನಗೇನ್ ಗೊತ್ತು," ಎಂದರು ಬಸಿ ಕೆಳಗಿಡುತ್ತ. "ಮಂದಿ ಅಂತಾರ."